ಕಾಸರಗೋಡಿನಲ್ಲಿ ಯಾರಿಗೆ ಎಷ್ಟು ಚಾನ್ಸ್? ಭಾವನ ಜೊತೆ ಅಡಿಕೆ ಪಂಥ ಕಟ್ಟಿದ್ದೇನೆ, ಯಾರಾದರೂ ಲೆಕ್ಕ ಹೇಳಿ

ಪೈವಳಿಕೆಯವ · 2024 ಮೇ 6

ಎಲ್ಲರಿಗೂ ನಮಸ್ಕಾರ. ವೋಟು ಹಾಕಿ ಹತ್ತು ದಿನ ಆಯಿತು. ಎಣಿಕೆ ಜೂನ್ 4ಕ್ಕೆ. ಈ ಮಧ್ಯೆ ನಾನೊಂದು ಎಡವಟ್ಟು ಮಾಡಿಕೊಂಡಿದ್ದೇನೆ.

ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಭಾವನವರು ಪಕ್ಕದಲ್ಲಿದ್ದರು. ಈ ಸಲ ಎಡರಂಗದ (ಕಮ್ಯುನಿಸ್ಟರ ಕೂಟ) ಎಂ.ವಿ. ಬಾಲಕೃಷ್ಣನ್ ಮಾಷ್ಟ್ರು ಗ್ಯಾರಂಟಿ ಎಂದರು. ಪಾಯಸ ಬರುವ ಹೊತ್ತಿಗೆ ಅವರ ಲೆಕ್ಕ ಪೂರ್ತಿ ಆಗಿತ್ತು. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರ. ಅದರಲ್ಲಿ ಉದುಮ, ಕಾಞಂಗಾಡು, ತೃಕ್ಕರಿಪುರ, ಪಯ್ಯನ್ನೂರು, ಕಲ್ಯಾಶ್ಶೇರಿ, ಈ ಐದೂ ಎಡರಂಗದ ಕೈಯಲ್ಲಿ. ಮಂಜೇಶ್ವರ, ಕಾಸರಗೋಡು ಎರಡೇ ಮುಸ್ಲಿಂ ಲೀಗಿನದ್ದು. 2021ರ ಅಂತರವನ್ನೆಲ್ಲ ಕೂಡಿಸಿ ಕಳೆದರೆ ಎಡರಂಗಕ್ಕೆ ಸುಮಾರು ಒಂದು ಲಕ್ಷ ಮುನ್ನಡೆ ಅಂತೆ. ನಾನು ಸುಮ್ಮನಿರಬೇಕಿತ್ತು. ಹಠಕ್ಕೆ ಬಿದ್ದು, ಇಲ್ಲ, ಈಗಿನ ಎಂಪಿ, ಐಕ್ಯರಂಗದ (ಕಾಂಗ್ರೆಸ್, ಲೀಗ್ ಕೂಟ) ಉಣ್ಣಿತ್ತಾನೇ ಗೆಲ್ಲುವುದು ಎಂದೆ. ಹತ್ತು ಕಿಲೋ ಅಡಿಕೆ ಪಂಥ.

ಈಗ ರಾತ್ರಿ ನಿದ್ದೆ ಇಲ್ಲ. ನನ್ನ ಪ್ರಶ್ನೆ ಯಾರು ಗೆಲ್ಲುತ್ತಾರೆ ಅಂತ ಅಲ್ಲ, ಅದನ್ನು ಹೇಳುವವರು ಪ್ರತಿ ಚಾದಂಗಡಿಯಲ್ಲೂ ಇದ್ದಾರೆ. ನೂರರಲ್ಲಿ ಎಷ್ಟು ಚಾನ್ಸ್ ಯಾರಿಗೆ, ಅದನ್ನು ಲೆಕ್ಕ ಹಾಕುವುದಕ್ಕೆ ಏನಾದರೂ ಒಂದು ದಾರಿ ಉಂಟಾ?

ಕುಂಬಳೆ ಪೇಟೆ

ಯಾವ ಅಡಿಕೆ? ಹಳತಾ ಹೊಸತಾ? ಅದು ಮೊದಲು ಹೇಳಿ.

ಪೈವಳಿಕೆಯವ

ಅಡಿಕೆ ಅಂದರೆ ಅಡಿಕೆ ಮಾರಾಯ್ರೆ. ಪಂಕ್ತಿಯಲ್ಲಿ ಕೂತು ಅಷ್ಟೆಲ್ಲ ಯಾರು ಮಾತಾಡುತ್ತಾರೆ.

ಬದಿಯಡ್ಕದ ಅಜ್ಜ

ನಿಮ್ಮ ಭಾವನ ಲೆಕ್ಕ 2019ರಲ್ಲೇ ಮುಳುಗಿದೆ. 2016ರ ವಿಧಾನಸಭೆಯಲ್ಲೂ ಅದೇ ಐದು ಎಡರಂಗಕ್ಕೆ, ಎರಡು ಲೀಗಿಗೆ. ಮೂರು ವರ್ಷ ಕಳೆದು ಲೋಕಸಭೆ ಬಂದಾಗ ಕೊಲ್ಲದ ಕಡೆಯಿಂದ ಬಂದ ಉಣ್ಣಿತ್ತಾನ್ 40,438 ವೋಟಿನಲ್ಲಿ ಗೆದ್ದರು. ಅದೂ 1989ರಿಂದ ಎಡರಂಗ ಒಮ್ಮೆಯೂ ಬಿಟ್ಟುಕೊಡದ ಸೀಟು. ವಿಧಾನಸಭೆಗೆ ಹಾಕುವ ಕೈಯೇ ಲೋಕಸಭೆಗೂ ಹಾಕುತ್ತದೆ, ಆದರೆ ತಲೆ ಬೇರೆ ಇರುತ್ತದೆ.

ಚೆರ್ವತ್ತೂರು ಬಸ್ಸು

ಅಜ್ಜನವರೇ, 2019ಕ್ಕೆ ಬೇರೆ ಕಾರಣ ಇತ್ತು. ರಾಹುಲ್ ವಯನಾಡಿಗೆ ಬಂದರು. ಶಬರಿಮಲೆ ಗಲಾಟೆ. ಚುನಾವಣೆಗೆ ಎರಡೇ ತಿಂಗಳ ಹಿಂದೆ ಪೆರಿಯದಲ್ಲಿ ಕಾಂಗ್ರೆಸ್ಸಿನ ಇಬ್ಬರು ಹುಡುಗರ ಜೋಡಿ ಕೊಲೆ. ಕೇರಳದಲ್ಲಿ 20ರಲ್ಲಿ 19 ಐಕ್ಯರಂಗಕ್ಕೆ ಹೋಯಿತು. ಅಂಥ ಗಾಳಿ ಪ್ರತಿ ಸಲ ಬೀಸುವುದಿಲ್ಲ. ಈ ಸಲ ನಮ್ಮ ಬೂತಿನ ಲೆಕ್ಕ ಚೆನ್ನಾಗಿಯೇ ಉಂಟು.

ಕುಂಬಳೆ ಪೇಟೆ

ಬೂತಿನ ಲೆಕ್ಕ ಅಂದರೆ ಎಂತ? ಕಮ್ಯುನಿಸ್ಟರಿಗೆ ಮೊದಲೇ ಗೊತ್ತಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಚೆರ್ವತ್ತೂರು ಬಸ್ಸು

ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗುವುದು. ಪ್ರತಿ ಹೆಸರಿನ ಎದುರು ಗುರುತು: ನಮ್ಮದು, ಅವರದ್ದು, ಸಂಶಯ. ವೋಟಿನ ದಿನ ಏಜೆಂಟ್ ಒಳಗೆ ಕೂತು ಯಾರು ಬಂದರು ಅಂತ ಗೆರೆ ಎಳೆಯುತ್ತಾನೆ. ಸಂಜೆ ಕೂಡಿಸಿ ಮೇಲಕ್ಕೆ ಕಳಿಸುವುದು. ಬೂತಿಂದ ಪಂಚಾಯತಿಗೆ, ಅಲ್ಲಿಂದ ಮಂಡಲಕ್ಕೆ, ಅಲ್ಲಿಂದ ಜಿಲ್ಲೆಗೆ.

ಸತ್ಯ ಹೇಳಬೇಕೆಂದರೆ 2019ರಲ್ಲಿ ನಾನೇ ಬರೆದುಕೊಟ್ಟವ. ನಮ್ಮ ಬೂತಿನಲ್ಲಿ ನಮಗೆ 612 ಎಂದು ಬರೆದೆ. ಬಂದದ್ದು 540. ಆಮೇಲೆ ಕೂತು ಯೋಚಿಸಿದರೆ ತಪ್ಪು ಗೊತ್ತಾಯಿತು. ಚಾ ಕೊಟ್ಟ ಮನೆಯನ್ನೆಲ್ಲ ನಮ್ಮದು ಅಂತ ಬರೆದಿದ್ದೆ.

ಉಪ್ಪಳ ಟು ದುಬೈ

ನಮ್ಮ ಉಮ್ಮ ಮೂರು ಪಾರ್ಟಿಯವರಿಗೂ ಚಾ ಕೊಡುತ್ತಾರೆ 😄 ಬಿಸ್ಕತ್ತು ಮಾತ್ರ ಒಬ್ಬರಿಗೆ.

ಲೆಕ್ಕದ ಮಾಷ್ಟ್ರು

ಈಗ ನಾನು ಬಾಯಿ ಹಾಕುತ್ತೇನೆ, ಉದ್ದ ಆಗುತ್ತದೆ, ಕ್ಷಮಿಸಿ.

ಪೈವಳಿಕೆಯವರ ಪ್ರಶ್ನೆ ಒಳ್ಳೆಯದು. ಒಬ್ಬ ಅಭ್ಯರ್ಥಿಯ ಚಾನ್ಸ್ ಹೇಳಲು ಎರಡು ಸಂಗತಿ ಬೇಕು. ಒಂದು, ಅಂತರ ಎಷ್ಟು ಇರಬಹುದು ಎಂಬ ನಮ್ಮ ಅಂದಾಜು. ಎರಡು, ಆ ಅಂದಾಜು ಎಷ್ಟು ತಪ್ಪಬಹುದು ಎಂಬುದು. ಮೊದಲನೆಯದ್ದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಕೇಳಿ ನೋಡಿ, ಮಾತು ಬದಲಿಸುತ್ತಾರೆ.

40 ಸಾವಿರ ಅಂತರ ಅಂದರೆ ದೊಡ್ಡದು ಅನಿಸುತ್ತದೆ. ಆದರೆ ಸುಮಾರು ಹನ್ನೊಂದು ಲಕ್ಷ ವೋಟು ಬಿದ್ದ ಕಡೆ ಅದು ಶೇಕಡಾ 4ಕ್ಕಿಂತ ಕಡಿಮೆ. ಇನ್ನೂ ಒಂದು. ಐಕ್ಯರಂಗ ಸೋಲಲು 40 ಸಾವಿರ ಜನ ಬದಲಾಗಬೇಕಿಲ್ಲ. 20,220 ಜನ ಈಚೆಯಿಂದ ಆಚೆಗೆ ಹೋದರೆ ಸಾಕು. ಒಬ್ಬ ದಾಟಿದರೆ ಇಲ್ಲಿ ಒಂದು ಕಡಿಮೆ, ಅಲ್ಲಿ ಒಂದು ಜಾಸ್ತಿ, ಅಂತರದಲ್ಲಿ ಎರಡರ ವ್ಯತ್ಯಾಸ. ಏಳು ಕ್ಷೇತ್ರಕ್ಕೆ ಹಂಚಿದರೆ ಒಂದರಲ್ಲಿ ಮೂರು ಸಾವಿರಕ್ಕೂ ಕಡಿಮೆ ಜನ.

ಇನ್ನು ಸಮೀಕ್ಷೆ. ಒಂದು ಕ್ಷೇತ್ರದಲ್ಲಿ 400 ಜನರನ್ನು ಸರಿಯಾಗಿ ಚೀಟಿ ಎತ್ತಿದ ಹಾಗೆ ಆರಿಸಿ ಕೇಳಿದರೂ ಒಬ್ಬನ ವೋಟಿನ ಪಾಲು ಶೇಕಡಾ 5ರಷ್ಟು ಆಚೆ ಈಚೆ ಆಗಬಹುದು. ಇಬ್ಬರ ನಡುವಿನ ಅಂತರ ನೋಡುವುದಾದರೆ ತಪ್ಪು ಹತ್ತಿರ ಹತ್ತಿರ ದುಪ್ಪಟ್ಟು, 9ರ ಸುತ್ತ. ಇಲ್ಲಿ ಶೇಕಡಾ 9 ಅಂದರೆ ಒಂದು ಲಕ್ಷ ವೋಟು! 40 ಸಾವಿರದ ಅಂತರವನ್ನು ಅಂಥ ತಕ್ಕಡಿಯಲ್ಲಿ ತೂಗುವುದು ಅಂದರೆ ಲಾರಿ ತೂಗುವ ಕಾಟದಲ್ಲಿ ಚಿನ್ನ ತೂಗಿದ ಹಾಗೆ.

ಅಡೂರು ಹೈದ

ಮಾಷ್ಟ್ರೇ ನಮ್ಮ ಬಿಜೆಪಿಯ ಅಶ್ವಿನಿ ಮೇಡಂ ಹೆಸರೇ ಇಲ್ಲ ನಿಮ್ಮ ಲೆಕ್ಕದಲ್ಲಿ. ತುಳು, ಕನ್ನಡ, ಮಲಯಾಳ ಮೂರೂ ಮಾತಾಡುವ ಅಭ್ಯರ್ಥಿ. ಮಂಜೇಶ್ವರದಲ್ಲಿ ನಾವು ಮೊದಲು ಬರುತ್ತೇವೆ ನೋಡಿ.

ಲೆಕ್ಕದ ಮಾಷ್ಟ್ರು

ಬರೆಯುವವನಿದ್ದೆ, ಗಂಟೆ ಹೊಡೆಯಿತು. ಬಿಜೆಪಿಗೆ 2014ರಲ್ಲಿ 1,72,826 ವೋಟು. 2019ರಲ್ಲಿ 1,76,049. ಐದು ವರ್ಷದಲ್ಲಿ ಮೂರು ಸಾವಿರ ಚಿಲ್ಲರೆ ಜಾಸ್ತಿ. ಗೆಲ್ಲಲು ನಾಲ್ಕು ಲಕ್ಷದ ಮೇಲೆ ಬೇಕು. ಶೇಕಡಾ 16 ವೋಟು ಅಂದರೆ ಗೆಲ್ಲುವ ಚಾನ್ಸ್ ಶೇಕಡಾ 16 ಅಂತ ಅಲ್ಲ. ಇಡೀ ಕ್ಷೇತ್ರದಲ್ಲಿ ನಾನು ನೂರಕ್ಕೆ ಒಂದು ಕೊಡುತ್ತೇನೆ. ಆದರೆ ಮಂಜೇಶ್ವರ ಒಂದನ್ನೇ ಕೇಳಿದರೆ ಉತ್ತರ ಬೇರೆ. 2016ರ ವಿಧಾನಸಭೆಯಲ್ಲಿ ಅಲ್ಲಿ ಬಿಜೆಪಿಯ ಸುರೇಂದ್ರನ್ ಸೋತದ್ದು 89 ವೋಟಿಗೆ, 2021ರಲ್ಲಿ 745ಕ್ಕೆ. ಅದು ನಾಣ್ಯ ಚಿಮ್ಮುವ ಕ್ಷೇತ್ರ.

ಅಡೂರು ಹೈದ

ಒಂದೇ?? 😡

ಕುಂಬಳೆ ಪೇಟೆ

89ರ ಸಲ ಒಂದೇ ಥರದ ಹೆಸರಿನವರು ಇನ್ನೊಬ್ಬರು ನಿಂತಿದ್ದರು. ಅವರಿಗೆ 467 ವೋಟು ಬಿತ್ತು. ಹೆಸರು ಓದಿ ತಪ್ಪಿದವರು ಎಷ್ಟು ಜನ ಅಂತ ದೇವರಿಗೇ ಗೊತ್ತು. ಇದನ್ನು ಯಾವ ಗಣಿತದಲ್ಲಿ ಹಾಕುತ್ತೀರಿ ಮಾಷ್ಟ್ರೇ?

ಲೆಕ್ಕದ ಮಾಷ್ಟ್ರು

ಅದಕ್ಕೇ 'ಎಷ್ಟು ತಪ್ಪಬಹುದು' ಅಂತ ಒಂದು ಕಾಲಂ ಇಟ್ಟದ್ದು.

ಪೈವಳಿಕೆಯವ · ಮೇ 8

ಮಾಷ್ಟ್ರೇ, ಅದೆಲ್ಲ ಸರಿ. ನನಗೆ ಒಂದು ಸಂಖ್ಯೆ ಕೊಡಿ. ಉಣ್ಣಿತ್ತಾನ್ ಎಷ್ಟು?

ಲೆಕ್ಕದ ಮಾಷ್ಟ್ರು

ಉಣ್ಣಿತ್ತಾನ್ 70, ಬಾಲಕೃಷ್ಣನ್ 29, ಅಶ್ವಿನಿ 1.

ಚೆರ್ವತ್ತೂರು ಬಸ್ಸು

ಇದು ಜ್ಯೋತಿಷ್ಯದವರ ಥರ ಆಯಿತು. ಉಣ್ಣಿತ್ತಾನ್ ಗೆದ್ದರೆ 70 ಹೇಳಿದ್ದೆ ಅನ್ನುತ್ತೀರಿ. ಸೋತರೆ 29 ಇತ್ತಲ್ವಾ ಅನ್ನುತ್ತೀರಿ. ಚುನಾವಣೆ ನಡೆಯುವುದು ಒಂದೇ ಸಲ. ನೂರು ಸಲ ಮಾಡಿ ಯಾರು ನೋಡುತ್ತಾರೆ?

ನೀರ್ಚಾಲು ಮದ್ದು

ಚೆರ್ವತ್ತೂರಿನವರೇ, ನಾನು ಅಡಿಕೆಗೆ ಮದ್ದು ಬಿಡುವವ. ಮಳೆ ಶುರುವಾಗುವ ಮೊದಲು ಬೋರ್ಡೋ ಬಿಟ್ಟು ಮುಗಿಸಬೇಕು, ಇಲ್ಲದಿದ್ದರೆ ಕೊಳೆರೋಗ. ಮೊಬೈಲಿನಲ್ಲಿ ನಾಳೆ ಮಳೆ ಶೇಕಡಾ 70 ಅಂತ ಬರುತ್ತದೆ. ನಾಳೆಯೂ ಒಂದೇ ಸಲ ಬರುವುದು. ಹಾಗಂತ ಆ 70 ಸುಳ್ಳಾ? 70 ಅಂತ ತೋರಿಸಿದ ಹತ್ತು ದಿನ ನೋಡಿ, ಏಳು ದಿನ ಮಳೆ ಬಂದರೆ ಅವರ ಲೆಕ್ಕ ಸರಿ. ಹತ್ತೂ ದಿನ ಬಂದರೆ ಅವರ ಲೆಕ್ಕವೇ ತಪ್ಪು, ಹೆದರಿ ಕಡಿಮೆ ಹೇಳಿದ್ದಾರೆ ಅಂತ ಅರ್ಥ. ಮಾಷ್ಟ್ರನ್ನೂ ಹಾಗೇ ನೋಡಬೇಕು. ಇಪ್ಪತ್ತು ಸೀಟಿಗೂ ಚಾನ್ಸ್ ಬರೆದುಕೊಡಲಿ, ಆಮೇಲೆ ತಾಳೆ ಹಾಕುವ.

ಲೆಕ್ಕದ ಮಾಷ್ಟ್ರು

ಭಲೇ. ನನ್ನ ಮಕ್ಕಳಿಗೆ ಇಷ್ಟು ಚಂದ ಹೇಳಿಕೊಡಲು ನನಗೆ ಆಗಿಲ್ಲ. ಆದರೆ ಒಂದು ತಿದ್ದುಪಡಿ. ಕೇರಳದ ಇಪ್ಪತ್ತು ಸೀಟನ್ನು ಇಪ್ಪತ್ತು ಬೇರೆ ಬೇರೆ ದಿನ ಅಂತ ಲೆಕ್ಕ ಹಿಡಿಯಲು ಬರುವುದಿಲ್ಲ. 2004ರಲ್ಲಿ ಎಡರಂಗಕ್ಕೆ 18. 2009ರಲ್ಲಿ ಐಕ್ಯರಂಗಕ್ಕೆ 16. 2019ರಲ್ಲಿ 19. ಇಲ್ಲಿ ಸೀಟುಗಳು ಒಂದಕ್ಕೊಂದು ಕೈ ಹಿಡಿದು ಬೀಳುತ್ತವೆ. ಪ್ರತಿ ಸೀಟಿನಲ್ಲೂ 70 ಅಂತ ನಾನು ಹೇಳಿದರೆ 20ರಲ್ಲಿ 14 ಬರಬೇಕು ಅಂತ ನೀವು ಕಾಯುತ್ತೀರಿ. ಬರುವುದು 18 ಅಥವಾ 6. ಗಾಳಿ ಯಾವ ಕಡೆ ಅಂತ ತಪ್ಪಿದರೆ ಎಲ್ಲ ಕಡೆಯೂ ಒಟ್ಟಿಗೇ ತಪ್ಪುತ್ತದೆ.

ಬದಿಯಡ್ಕದ ಅಜ್ಜ

ಗಾಳಿಗೂ ಲೆಕ್ಕಕ್ಕೂ ಸಿಗದ್ದು 1971. ಅದಕ್ಕೆ ಮೊದಲು ಮೂರು ಸಲ ಇಲ್ಲಿ ಕಮ್ಯುನಿಸ್ಟರ ಎ.ಕೆ. ಗೋಪಾಲನ್. 1957, 62, 67. 71ರಲ್ಲಿ ಅವರು ಪಾಲಕ್ಕಾಡಿಗೆ ಹೋದರು, ಇಲ್ಲಿ ನಾಯನಾರ್ ನಿಂತರು. ಎದುರು ಕಾಂಗ್ರೆಸ್ಸಿನ ಹುಡುಗ, ಕಡನ್ನಪ್ಪಳ್ಳಿ ರಾಮಚಂದ್ರನ್. ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಗೆದ್ದರು. 77ರಲ್ಲಿ ಮತ್ತೆ ಗೆದ್ದರು. ಈಗ ಅದೇ ಕಡನ್ನಪ್ಪಳ್ಳಿ ಎಡರಂಗ ಸರಕಾರದಲ್ಲಿ ಮಂತ್ರಿ! ಆಗ ಸೋತ ನಾಯನಾರ್ ಆಮೇಲೆ ಮೂರು ಸಲ ಮುಖ್ಯಮಂತ್ರಿ. ಬರೆಯಿರಿ ಇದಕ್ಕೆ ಪರ್ಸೆಂಟೇಜು.

ಕುಂಬಳೆ ಪೇಟೆ

ಅಜ್ಜನವರೇ, ನಮ್ಮ ಕನ್ನಡದವರು ಎಂಪಿ ಆದದ್ದು ಯಾವಾಗ?

ಬದಿಯಡ್ಕದ ಅಜ್ಜ

ರೈಗಳ ಕಾಲ ಅದು. 1980ರಲ್ಲಿ ಮಾರ್ಕ್ಸಿಸ್ಟ್ ಪಾರ್ಟಿಯಿಂದ ಎಂ. ರಾಮಣ್ಣ ರೈ. 84ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ. 89, 91ರಲ್ಲಿ ತಿರುಗಿ ರಾಮಣ್ಣ ರೈ. ರಾಮ ರೈಯಾ ರಾಮಣ್ಣ ರೈಯಾ ಅಂತ ಕೇಳಿಕೊಂಡು ವೋಟಿಗೆ ಹೋಗುತ್ತಿದ್ದರು ನಮ್ಮ ಮನೆ ಹೆಂಗಸರು. 96ರಿಂದ ಈಚೆಗೆ ಎಲ್ಲ ದಕ್ಷಿಣದವರೇ. ಈಗ ಯಂತ್ರದ ಮೇಲೆ ಕನ್ನಡದಲ್ಲೂ ಹೆಸರು ಬರೆದಿರುತ್ತಾರೆ, ಓದಿದರೆ ಹೆಸರು ಮಾತ್ರ ನಮ್ಮದಲ್ಲ.

ಅಡೂರು ಹೈದ

ಈ ಸಲ ಒಂದಾದರೂ ನಮ್ಮ ಹೆಸರು ಇತ್ತು ಅಜ್ಜ.

ಮುಳ್ಳೇರಿಯ ಅಕ್ಕ · ಮೇ 11

ಎಲ್ಲ ಓದಿದೆ. ನಾನು ಗಣಿತ ಕಲಿತವಳಲ್ಲ, ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದವಳು. ಆ ಕಣ್ಣಿಗೆ ಒಂದು ಕಂಡಿತು. ಹೇಳಲಾ?

ನಮ್ಮ ಕ್ಷೇತ್ರದಲ್ಲಿ ಎಡರಂಗದ ಅಂತರ ಬರೆದುಕೊಳ್ಳಿ. 2004ರಲ್ಲಿ ಪಿ. ಕರುಣಾಕರನ್ ಗೆದ್ದದ್ದು ಒಂದು ಲಕ್ಷದ 8 ಸಾವಿರದಲ್ಲಿ. 2009ರಲ್ಲಿ ಅವರೇ, 64 ಸಾವಿರ. 2014ರಲ್ಲಿ ಅವರೇ, 6,921. ಕಾಂಗ್ರೆಸ್ಸಿನ ಸಿದ್ದೀಕ್ ಎದುರು ಉಸಿರು ಹಿಡಿದು ಗೆದ್ದರು. 2019ರಲ್ಲಿ ಮೈನಸ್ 40 ಸಾವಿರ. ಪ್ರತಿ ಐದು ವರ್ಷಕ್ಕೆ 44, 57, 47 ಸಾವಿರ ಕಡಿಮೆ ಆಗುತ್ತಾ ಬಂದಿದೆ. ಇದು ಗಾಳಿ ಅಲ್ಲ. ಗಾಳಿ ಒಂದು ಸಲ ಬೀಸುತ್ತದೆ, ನಿಲ್ಲುತ್ತದೆ. ಇದು ಟ್ಯಾಂಕಿ ಸೋರಿದ ಹಾಗೆ. ನನ್ನ ಲೆಕ್ಕದಲ್ಲಿ ಈ ಸಲ ಇನ್ನೊಂದು 50 ಹೋಗುತ್ತದೆ. ಉಣ್ಣಿತ್ತಾನ್ 90 ಸಾವಿರದಲ್ಲಿ ಗೆಲ್ಲುತ್ತಾರೆ.

ಪೈವಳಿಕೆಯವ

ಅಕ್ಕಾ ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು 🙏

ಲೆಕ್ಕದ ಮಾಷ್ಟ್ರು

ಅಕ್ಕ ಬೇಸರ ಮಾಡಬೇಡಿ. ನಾಲ್ಕು ಬಿಂದು ಇಟ್ಟರೆ ಯಾರು ಬೇಕಾದರೂ ಗೆರೆ ಎಳೆಯಬಹುದು. ಮತ್ತೆ 2004 ಸೇರಿಸಲೇ ಬಾರದು. 2009ರ ಮೊದಲು ಕ್ಷೇತ್ರಗಳ ಗಡಿ ಬದಲಾಯಿತು. ಆಗಿನ ಕಾಸರಗೋಡು ಬೇರೆ, ಈಗಿನದ್ದು ಬೇರೆ. ಅದನ್ನು ತೆಗೆದರೆ ನಿಮಗೆ ಉಳಿಯುವುದು ಮೂರು ಬಿಂದು, ಎರಡು ಇಳಿಕೆ. ಎರಡು ಸಲ ಬಸ್ಸು ತಡ ಆಯಿತು ಅಂತ ಮೂರನೇ ಸಲವೂ ಅಷ್ಟೇ ನಿಮಿಷ ತಡ ಆಗುತ್ತದೆ ಎನ್ನಬಹುದಾ?

ಇನ್ನೊಂದು. 2014ರಲ್ಲಿ ಎಡರಂಗಕ್ಕೆ 3,84,964. 2019ರಲ್ಲಿ 4,34,523. ಸೋತ ಸಲ ಎಡರಂಗದ ವೋಟು ಸುಮಾರು 50 ಸಾವಿರ *ಹೆಚ್ಚಾಗಿದೆ*. ಟ್ಯಾಂಕಿ ಸೋರಿಲ್ಲ ಅಕ್ಕ. ಪಕ್ಕದ ಟ್ಯಾಂಕಿ ಜಾಸ್ತಿ ತುಂಬಿತು, ಅಷ್ಟೆ.

ಮುಳ್ಳೇರಿಯ ಅಕ್ಕ

ಬಸ್ಸು ಎರಡು ಸಲ ತಡ ಆದರೆ ಮೂರನೇ ಸಲ ನಾನು ಮನೆಯಿಂದ ತಡವಾಗಿಯೇ ಹೊರಡುತ್ತೇನೆ. ನೀವು ಸ್ಟಾಪಿನಲ್ಲಿ ಕೂತು ಶೇಕಡಾ ಲೆಕ್ಕ ಹಾಕಿ.

ಉಪ್ಪಳ ಟು ದುಬೈ

😂😂 ಅಕ್ಕನಿಗೆ ಬಿಸ್ಕತ್ತು.

ಚೆರ್ವತ್ತೂರು ಬಸ್ಸು

ವೋಟಿಂಗ್ ಕಡಿಮೆ ಆದದ್ದನ್ನು ಯಾರೂ ಹೇಳುತ್ತಿಲ್ಲ. ಕಳೆದ ಸಲ ಇಲ್ಲಿ ಶೇಕಡಾ 80ರ ಮೇಲೆ ಇತ್ತು, ಈ ಸಲ 76ರ ಆಸುಪಾಸು. ಎಡರಂಗದವರು ಹೇಗಾದರೂ ಮಾಡಿ ತಮ್ಮವರನ್ನು ಬೂತಿಗೆ ತರುತ್ತಾರೆ. ಬಾರದವರು ಐಕ್ಯರಂಗದವರು. ಅದೂ ಏಪ್ರಿಲ್ 26 ಶುಕ್ರವಾರ. ಜುಮಾ ದಿನ ಬೇಡ ಅಂತ ಲೀಗಿನವರೇ ಆಯೋಗಕ್ಕೆ ಬರೆದಿದ್ದರು, ದಿನ ಬದಲಾಗಲಿಲ್ಲ.

ಉಪ್ಪಳ ಟು ದುಬೈ

ಅಣ್ಣ, ಶುಕ್ರವಾರದ ವಿಷಯ ನನ್ನಲ್ಲಿ ಕೇಳಿ. ನಾವು ಹದಿನೇಳು ಜನ ಟಿಕೆಟ್ ಮಾಡಿ ಬಂದವರು. ಬೆಳಿಗ್ಗೆ ಏಳಕ್ಕೇ ಕ್ಯೂ. ಜುಮಾಕ್ಕೆ ಮೊದಲು ಮುಗಿಸಿದವರು ಅರ್ಧ, ಜುಮಾ ಮುಗಿಸಿ ಬಂದವರು ಅರ್ಧ. ಆ ಬಿಸಿಲಿನಲ್ಲಿ ಬಾರದವರು ಎಲ್ಲ ಪಾರ್ಟಿಯಲ್ಲೂ ಇದ್ದರು.

ಅಡೂರು ಹೈದ

ಅದೇ ದಿನ ಮಂಗಳೂರಿನಲ್ಲೂ ವೋಟು ಇತ್ತು. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ರಜೆ ಸಿಕ್ಕಿ ಊರಿಗೆ ಬಂದರು. ಇದು ನಮಗೆ ಪ್ಲಸ್.

ಕುಂಬಳೆ ಪೇಟೆ

ಸಮೀಕ್ಷೆ ಅಂದಾಗ ನೆನಪಾಯಿತು. ಮಾರ್ಚಿನಲ್ಲಿ ನಮ್ಮ ಅಮ್ಮನಿಗೆ ಒಂದು ಫೋನ್ ಬಂತು. ಯಾವ ಕಂಪನಿಯೋ ಏನೋ. ರೆಕಾರ್ಡ್ ಮಾಡಿದ ಮಲಯಾಳ. ಅಮ್ಮನಿಗೆ ತುಳು ಮತ್ತು ಕನ್ನಡ ಬಿಟ್ಟು ಬೇರೆ ಬಾರದು. 'ಒಂದು ಒತ್ತಿ, ಎರಡು ಒತ್ತಿ' ಅಂತ ಹೇಳುವುದು ಅಂದಾಜಾಗಿ ಗ್ಯಾಸ್ ಬುಕ್ಕಿಂಗ್ ಇರಬೇಕು ಅಂದುಕೊಂಡು ಒಂದು ಒತ್ತಿದರು. ಎರಡು ದಿನ ಸಿಲಿಂಡರಿಗೆ ಕಾದರು. ಅಮ್ಮನ ವೋಟು ಯಾವ ಪಾರ್ಟಿಯ ಲೆಕ್ಕಕ್ಕೆ ಹೋಯಿತೋ.

ಲೆಕ್ಕದ ಮಾಷ್ಟ್ರು

ಇದನ್ನು ನಗೆಯಾಡಿ ಬಿಡಬೇಡಿ. 400 ಜನ ಅಂದೆನಲ್ಲ, ಆ ಶೇಕಡಾ 5ರ ತಪ್ಪು ಚೀಟಿ ಎತ್ತಿದ ತಪ್ಪು ಮಾತ್ರ. ಕುಂಬಳೆಯ ಅಮ್ಮನಂಥವರು ಮಂಜೇಶ್ವರ, ಕಾಸರಗೋಡಿನಲ್ಲಿ ಎಷ್ಟು ಸಾವಿರ ಇದ್ದಾರೆ? ಅವರು ಪಯ್ಯನ್ನೂರಿನಲ್ಲಿ ಇಲ್ಲ. ಅಂದರೆ ತಪ್ಪು ಎಲ್ಲ ಕಡೆ ಸಮ ಅಲ್ಲ, ಕ್ಷೇತ್ರದ ಒಂದೇ ತುದಿಯಲ್ಲಿ ಗುಡ್ಡೆ ಬೀಳುತ್ತದೆ. ಜನ ಜಾಸ್ತಿ ಮಾಡಿದರೆ ಈ ತಪ್ಪು ಹೋಗುವುದಿಲ್ಲ. ಇದೇ ತಪ್ಪನ್ನು ನಾಲ್ಕು ಸಾವಿರ ಜನರ ಮೇಲೆ ಮಾಡಿದ ಹಾಗೆ ಆಗುತ್ತದೆ ಅಷ್ಟೆ.

ನೀರ್ಚಾಲು ಮದ್ದು

ನಾವಿಲ್ಲಿ ಮಾತಾಡುವುದು ಎಕ್ಸಿಟ್ ಪೋಲ್ ಆಗುತ್ತದಾ? ಜೂನ್ 1ರ ಸಂಜೆ ಆರೂವರೆ ತನಕ ಹಾಗೆಲ್ಲ ಹಾಕಬಾರದು ಅಂತ ಕಾನೂನು ಉಂಟಲ್ವಾ?

ಚೆರ್ವತ್ತೂರು ಬಸ್ಸು

ನಾವು ಯಾರಿಗೆ ಹಾಕಿದಿರಿ ಅಂತ ಜನರನ್ನು ಕೇಳಿ ಎಣಿಸಿಲ್ಲ. ಇದು ಬಾಯಿಚಪಲ, ಅದಕ್ಕೆ ಕಾನೂನು ಇಲ್ಲ.

ಅಡೂರು ಹೈದ

ಯಂತ್ರದ ಬಗ್ಗೆ ಯಾರೂ ಎತ್ತಲಿಲ್ಲ, ಆಶ್ಚರ್ಯ. ಅಣಕು ಮತದಾನದಲ್ಲಿ ಬಿಜೆಪಿಗೆ ಜಾಸ್ತಿ ವೋಟು ಬಿತ್ತು ಅಂತ ನಮ್ಮ ಕಾಸರಗೋಡಿನ ಸುದ್ದಿ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಲೆಕ್ಕದ ಮಾಷ್ಟ್ರು

ಆಯೋಗ ಅದು ಸುಳ್ಳು ಅಂತ ಕೋರ್ಟಿಗೆ ಹೇಳಿತು. ವಿವಿಪ್ಯಾಟ್ ಚೀಟಿ ಪೂರ್ತಿ ಎಣಿಸಬೇಕು ಎಂಬ ಅರ್ಜಿಯನ್ನು ಕೋರ್ಟ್ ತಳ್ಳಿಹಾಕಿದ್ದು ನಾವು ವೋಟು ಹಾಕಿದ ದಿನವೇ, ಏಪ್ರಿಲ್ 26ಕ್ಕೆ. ದಯವಿಟ್ಟು ಇಲ್ಲಿ ಅದನ್ನು ಶುರು ಮಾಡಬೇಡಿ, ನೂರು ಕಮೆಂಟ್ ಆಗುತ್ತದೆ.

ಪೈವಳಿಕೆಯವ · ಜೂನ್ 1, ರಾತ್ರಿ

ಟಿವಿ ನೋಡಿದಿರಾ? ಎಲ್ಲ ಚಾನೆಲ್‌ನಲ್ಲೂ ಕೇಂದ್ರದಲ್ಲಿ ಎನ್‌ಡಿಎ 350 ದಾಟುತ್ತದೆ, ಕೇರಳದಲ್ಲಿ ಐಕ್ಯರಂಗ. ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಾಷ್ಟ್ರೇ, 70ನ್ನು ಸ್ವಲ್ಪ ಮೇಲೆ ಏರಿಸುತ್ತೀರಾ?

ಲೆಕ್ಕದ ಮಾಷ್ಟ್ರು

75. ಅದಕ್ಕಿಂತ ಮೇಲೆ ಹೋಗಲು ಮನಸ್ಸು ಬರುವುದಿಲ್ಲ. ಎಲ್ಲ ಚಾನೆಲ್‌ನವರೂ ಒಂದೇ ಮಾತು ಹೇಳುವಾಗ ನನಗೆ ಧೈರ್ಯ ಬರುವುದಿಲ್ಲ, ಹೆದರಿಕೆ ಬರುತ್ತದೆ.

ಚೆರ್ವತ್ತೂರು ಬಸ್ಸು

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಣಿಕೆ. ನಾನು ಒಳಗೆ ಇರುತ್ತೇನೆ. ಕಾದು ನೋಡುವ.

ಉಪ್ಪಳ ಟು ದುಬೈ · ಜೂನ್ 4

1,00,649!!! ಒಂದು ಲಕ್ಷ!!

ಪೈವಳಿಕೆಯವ

ಅಕ್ಕಾ!!! 🙏🙏🙏

ಕುಂಬಳೆ ಪೇಟೆ

ಪೂರ್ತಿ ಅಂಕಿ ಹಾಕುತ್ತೇನೆ. ಉಣ್ಣಿತ್ತಾನ್ 4,90,659. ಬಾಲಕೃಷ್ಣನ್ 3,90,010. ಅಶ್ವಿನಿ 2,19,558. ಪೈವಳಿಕೆಯವರ ಭಾವನ ಒಂದು ಲಕ್ಷ ಸರಿಯೇ ಇತ್ತು, ತಲೆಕೆಳಗೆ ಹಿಡಿದಿದ್ದರು ಅಷ್ಟೆ.

ಮುಳ್ಳೇರಿಯ ಅಕ್ಕ

ಬಸ್ಸು ಬಂತು ಮಾಷ್ಟ್ರೇ. ಹತ್ತು ಸಾವಿರ ಮಾತ್ರ ಆಚೆ ಈಚೆ.

ಲೆಕ್ಕದ ಮಾಷ್ಟ್ರು

ಅಕ್ಕನಿಗೆ ಸಾಷ್ಟಾಂಗ. ಒಪ್ಪಿದೆ. ಆದರೂ (ಸುಮ್ಮನಿರಲು ಆಗುವುದಿಲ್ಲ, ವೃತ್ತಿದೋಷ) ಒಳಗೆ ನಡೆದದ್ದು ಅಕ್ಕನ ಗೆರೆಯ ಹಾಗಲ್ಲ. ಕಳೆದ ಸಲ ಎಡರಂಗದ ವೋಟು ಏರಿಯೂ ಅಂತರ ಹೋಯಿತು. ಈ ಸಲ 44,513 ಇಳಿದು ಹೋಯಿತು. ಐಕ್ಯರಂಗಕ್ಕೆ ಹೆಚ್ಚಾದದ್ದು 15,698 ಮಾತ್ರ. ಅಂತರ ಕಳೆದ ಸಲ 47 ಸಾವಿರ, ಈ ಸಲ 60 ಸಾವಿರ ಬದಲಾದದ್ದು ಬೇರೆ ಬೇರೆ ಕಾರಣಕ್ಕೆ.

ಅಡೂರು ಹೈದ

ಎಡರಂಗಕ್ಕೆ 44 ಸಾವಿರ ಹೋಯಿತು, ನಮಗೆ 43 ಸಾವಿರ ಬಂತು. ಎಲ್ಲಿಂದ ಎಲ್ಲಿಗೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ 😎 ಮತ್ತೆ ಮಾಷ್ಟ್ರೇ, ತೃಶೂರಿನಲ್ಲಿ ಸುರೇಶ್ ಗೋಪಿ 74 ಸಾವಿರದಲ್ಲಿ ಗೆದ್ದರು. ಅಲ್ಲಿಗೂ ಒಂದೇ ಪರ್ಸೆಂಟ್ ಕೊಟ್ಟಿದ್ದಿರಾ?

ಲೆಕ್ಕದ ಮಾಷ್ಟ್ರು

ತೃಶೂರನ್ನು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಅಲ್ಲಿ ಅವರು 2019ರಲ್ಲಿ ಮೂರನೆಯವರಾದರೂ ಶೇಕಡಾ 28 ಇತ್ತು. ಇಲ್ಲಿ 16. ಎರಡೂ ಒಂದೇ ಅಲ್ಲ. ಆದರೆ ಕೇಳಿದ್ದರೆ ಕಡಿಮೆಯೇ ಹೇಳುತ್ತಿದ್ದೆ, ಅದು ನಿಜ.

44 ಮತ್ತು 43ರ ಬಗ್ಗೆ: ಎಡದಿಂದ ಕಾಂಗ್ರೆಸ್ಸಿಗೆ, ಕಾಂಗ್ರೆಸ್ಸಿನಿಂದ ಬಿಜೆಪಿಗೆ ಹೋದರೂ ಇದೇ ಅಂಕಿ ಬರುತ್ತದೆ. ಎಡದವರು ಮನೆಯಲ್ಲೇ ಕೂತು, ಹೊಸ ಮಕ್ಕಳು ಬಿಜೆಪಿಗೆ ಹಾಕಿದರೂ ಇದೇ ಬರುತ್ತದೆ. ಮೊತ್ತ ನೋಡಿ ಒಬ್ಬೊಬ್ಬ ಮನುಷ್ಯ ಎಲ್ಲಿಂದ ಎಲ್ಲಿಗೆ ನಡೆದ ಅಂತ ಹೇಳಲು ಬರುವುದಿಲ್ಲ.

ಚೆರ್ವತ್ತೂರು ಬಸ್ಸು

ಈಗಷ್ಟೇ ಮನೆಗೆ ಬಂದೆ. ನಮ್ಮ ಬೂತಿನಲ್ಲಿ ಈ ಸಲ ಚಾ ಕೊಟ್ಟ ಮನೆಗಳನ್ನು ಬಿಟ್ಟೇ ಬರೆದಿದ್ದೆ. ಆದರೂ 60 ತಪ್ಪಿತು. ನಾಳೆ ಮಾತಾಡುವ.

ನೀರ್ಚಾಲು ಮದ್ದು

ದಿಲ್ಲಿ ನೋಡಿ. 350 ಅಂದವರೆಲ್ಲ ಮಣ್ಣು. ಎನ್‌ಡಿಎ 293, ಬಿಜೆಪಿ ಒಂದೇ 240. ಕೇರಳ ಮಾತ್ರ ಐಕ್ಯರಂಗ ಅಂದದ್ದು ಸರಿ ಆಯಿತು, 18. ಮಾಷ್ಟ್ರು ಹೆದರಿದ್ದು ಸರಿಯಾದ ವಿಷಯಕ್ಕೆ, ಆದರೆ ತಪ್ಪು ಊರಿನಲ್ಲಿ. ನಾನು ಮದ್ದು ಬಿಡಲು ಹೋಗುತ್ತೇನೆ, ಎರಡು ದಿನ ಬಿಸಿಲು ಉಂಟಂತೆ.

ಬದಿಯಡ್ಕದ ಅಜ್ಜ

ಪೈವಳಿಕೆಯವರೇ, ಅಡಿಕೆ ಬಂತಾ?

ಪೈವಳಿಕೆಯವ · ಜೂನ್ 9

ಬಂತು ಅಜ್ಜ. ಇವತ್ತು ಭಾವನವರೇ ಸ್ಕೂಟರಿನಲ್ಲಿ ಚೀಲ ಇಟ್ಟುಕೊಂಡು ಬಂದರು. ತೂಕ ಸರಿಯಾಗಿ ಹತ್ತು ಕಿಲೋ. ಬಿಚ್ಚಿ ನೋಡಿದರೆ ಪೂರ್ತಿ ಕೋಕ. ಅರ್ಧಕ್ಕರ್ಧ ಒಡೆದದ್ದು, ಕಪ್ಪಾದದ್ದು. ಎಂತ ಭಾವ ಇದು ಎಂದೆ. 'ಪಂಥ ಕಟ್ಟುವಾಗ ಅಡಿಕೆ ಅಂತ ಮಾತ್ರ ಹೇಳಿದ್ದು' ಎಂದರು.

ಕುಂಬಳೆ ಪೇಟೆ

ನಾನು ಮೊದಲ ದಿನವೇ ಕೇಳಿದ್ದೆ.